ಕಂಪ್ಯೂಟರಿನ ಕಾವಲು ಮತ್ತು ಅಚೌರ್ಯಾಣುವ್ರತ

ಅಚೌರ್ಯಾಣುವ್ರತವನ್ನು ಕುರಿತ ಪ್ರವಚನಗಳಲ್ಲಿ ಕೇಳಿಬರುವ ದೃಷ್ಟಾಂತಗಳು ಬಹುಮಟ್ಟಿಗೆ ಅಂಗಡಿಗೆ ಅಥವಾ ಹೊಲಕ್ಕೆ ಸಂಬಂಧಿಸಿದವು. ಕಳ್ಳತಕ್ಕಡಿ, ಒತ್ತರಿಸಿದ ಬದು, ಕದ್ದ ಬಂಗಾರವನ್ನು ಅರ್ಧ ಬೆಲೆಗೆ ಕೊಂಡ ವ್ಯಾಪಾರಿ, ಇವು ಕೇಳುಗರಿಗೆ ಚಿರಪರಿಚಿತ. ಅಥಣಿ ತಾಲ್ಲೂಕಿನ ತೆಲಸಂಗದ ಒಂದು ಶ್ರಾವಕ ಮನೆತನದಲ್ಲಿ ಇದೇ ವ್ರತದ ಪ್ರಶ್ನೆ ಮಗನ ಓದಿನ ಕೋಣೆಯಲ್ಲಿ, ಆಟವಾಡುವ ಕಂಪ್ಯೂಟರಿನ ಮುಂದೆ ಎದ್ದು ನಿಂತಿತು. ಮನೆತನದ ಹೆಸರು ಇಲ್ಲಿ ಅಗತ್ಯವಿಲ್ಲ. ಅಂಥ ಮನೆ ಚಿಕ್ಕೋಡಿಯಲ್ಲಿಯೂ ಉಂಟು, ನಿಪ್ಪಾಣಿ, ರಾಯಬಾಗ, ಕಾಗವಾಡಗಳಲ್ಲಿಯೂ ಉಂಟು; ಟ್ರಸ್ಟಿನ ಲೆಕ್ಕಪತ್ರವೆಲ್ಲ ಯಾರದೋ ಮನೆಯ ಕಂಪ್ಯೂಟರಿನಲ್ಲಿ ಕುಳಿತಿರುವ ಬಸದಿಗಳೂ ಇಲ್ಲದಿಲ್ಲ. ಆದ್ದರಿಂದ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವುದು ಉಚಿತ.

ಆ ಮನೆಯವರದು ದ್ರಾಕ್ಷಿಯ ತೋಟ. ಬೇಸಿಗೆ ಬಂತೆಂದರೆ ಒಣದ್ರಾಕ್ಷಿಯ ಶೆಡ್ಡಿನ ಕೆಲಸ. ಯಜಮಾನರು ಹಲವು ವರ್ಷಗಳಿಂದ ಬಸದಿಯ ಟ್ರಸ್ಟಿಗೆ ಕೋಶಾಧ್ಯಕ್ಷರು. ಮಗ ಪಿಯುಸಿ ಓದುವವನು, ಮಗಳು ಇನ್ನೂ ಹೈಸ್ಕೂಲು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದರೆ ಆಟಕ್ಕೂ ಸಾಕಾಗುವಂಥ ಕಂಪ್ಯೂಟರ್ ಕೊಡಿಸುವುದಾಗಿ ಮಾತು ಕೊಟ್ಟಿದ್ದರಿಂದ, ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರವೊಂದನ್ನು ದೊಡ್ಡ ಊರಿನ ಅಂಗಡಿಯಲ್ಲಿ ಜೋಡಿಸಿ ತರಲಾಯಿತು. ಅಂಗಡಿಯವರು ವಿಂಡೋಸ್ ಮತ್ತು ಆಫೀಸ್ ತಂತ್ರಾಂಶಗಳನ್ನು ಪುಕ್ಕಟೆಯಾಗಿ ಹಾಕಿಕೊಟ್ಟರು. ಮಾನಿಟರಿಗೂ ಕೀಲಿಮಣೆಗೂ ಬಿಲ್ಲಿನಲ್ಲಿ ಒಂದೊಂದು ಸಾಲು ಇತ್ತು. ತಂತ್ರಾಂಶಕ್ಕೆ ಸಾಲೇ ಇರಲಿಲ್ಲ. ಯಾಕಿಲ್ಲವೆಂದು ಯಾರೂ ಕೇಳಲಿಲ್ಲ.

ಕೆಲವು ತಿಂಗಳಲ್ಲಿ ಬಸದಿಯ ಲೆಕ್ಕವೂ ಆ ಯಂತ್ರಕ್ಕೆ ಬಂದು ಸೇರಿತು. ಪಂಚಕಲ್ಯಾಣ ಮಹೋತ್ಸವಕ್ಕೆ ದೇಣಿಗೆ ಕೊಟ್ಟವರ ಹೆಸರು, ಊರು, ಮೊಬೈಲ್ ಸಂಖ್ಯೆ, ತೆರಿಗೆ ರಿಯಾಯಿತಿಯ ರಸೀದಿಗಾಗಿ ಬರೆಸಿದ ಪ್ಯಾನ್ ಸಂಖ್ಯೆ, ಎಲ್ಲವೂ ಒಂದು ಕಡತದಲ್ಲಿ. ಟ್ರಸ್ಟಿನ ಬ್ಯಾಂಕ್ ಖಾತೆಯನ್ನು ನೋಡುವುದೂ ಅದರಲ್ಲಿಯೇ. ಪ್ರತಿಸಲ ಬರೆಯುವುದು ತ್ರಾಸವೆಂದು ಪಾಸ್‌ವರ್ಡನ್ನು ಬ್ರೌಸರಿನಲ್ಲಿಯೇ ಉಳಿಸಿಡಲಾಗಿತ್ತು. ಹಗಲು ತಂದೆಯ ಲೆಕ್ಕ, ಸೂರ್ಯಾಸ್ತದ ಊಟ ಮುಗಿದ ಮೇಲೆ ಮಗನ ಆಟ. ಹೀಗೆ ವ್ಯವಸ್ಥೆ ಸುಗಮವಾಗಿ ನಡೆದಿತ್ತು.

ಒಂದು ದಿನ ಹುಡುಗನು ಗೆಳೆಯನಿಂದ ಪೆನ್‌ಡ್ರೈವ್ ತಂದನು. ಅದರಲ್ಲಿದ್ದುದು ಹಣ ಕೊಟ್ಟು ಕೊಳ್ಳಬೇಕಾದ ಆಟವೊಂದರ ಬೀಗ ಒಡೆದ ಪ್ರತಿ. ಆಡುವವರ ಭಾಷೆಯಲ್ಲಿ 'ಕ್ರ್ಯಾಕ್'. ಜೊತೆಗೊಂದು ಸೂಚನಾಪತ್ರ. ಸ್ಥಾಪಿಸುವ ಮುನ್ನ ಆ್ಯಂಟಿವೈರಸ್ ನಿಲ್ಲಿಸಬೇಕು ಎಂಬುದೇ ಅದರ ಮೊದಲ ಸೂಚನೆ. ಬಸದಿಯ ಲೆಕ್ಕವಿರುವ ಯಂತ್ರವೆಂಬ ಎಚ್ಚರ ಹುಡುಗನಿಗಿತ್ತು. ತಂದೆಯ ಅಪ್ಪಣೆ ಕೇಳಿದನು.

"ಅಪ್ಪಾ, ಐದ ಮಿನಿಟ ಆ್ಯಂಟಿವೈರಸ್ ಬಂದ್ ಮಾಡ್ತೀನಿ. ಅದು ಚಾಲೂ ಇದ್ರ ಆಟ ಇನ್‌ಸ್ಟಾಲ್ ಆಗಾಂಗಿಲ್ಲ."

"ಕಾಯಾಂವನ್ನ ಹೊರಗ ಕಳಿಸಿ ಒಳಗ ಯಾರನ್ನ ಕರಕೊಳ್ಳೂದು?"

"ಅದು ಸುಳ್ಳ ಎಚ್ಚರಿಕಿ ಅಪ್ಪಾ. ಎಲ್ಲಾರೂ ಹಿಂಗ ಮಾಡ್ತಾರ."

ಹುಡುಗನ ಉತ್ತರ ಪೂರ್ತಿ ಅಸತ್ಯವಲ್ಲ ಎಂಬುದನ್ನು ಮೊದಲು ಒಪ್ಪಬೇಕು. ಬೀಗ ಒಡೆಯುವ ಸಾಧನವು ಮೂಲ ತಂತ್ರಾಂಶವನ್ನು ತಿದ್ದುತ್ತದೆಯಾದ್ದರಿಂದ, ಬೇರೆ ಕೇಡನ್ನು ಮಾಡದಿದ್ದರೂ ಕಾವಲು ತಂತ್ರಾಂಶ ಅದನ್ನು ಸಂಶಯದಿಂದ ತಡೆಯುತ್ತದೆ. ಆದರೆ ಅದೇ ಪೆಟ್ಟಿಗೆಯಲ್ಲಿ ನಿಜವಾದ ಕಳ್ಳನಿದ್ದರೂ ಬರುವ ಎಚ್ಚರಿಕೆ ಹೆಚ್ಚುಕಡಿಮೆ ಅಂಥದೇ. ಎರಡನ್ನೂ ಬೇರ್ಪಡಿಸುವ ವಿದ್ಯೆ ಮನೆಯವರಲ್ಲಿ ಇಲ್ಲ. ಹಣ ಕೊಟ್ಟು ಕೊಂಡ ಆಟ ತೊಡಕು ಕೊಟ್ಟರೆ ತಯಾರಕರನ್ನು ಕೇಳಬಹುದು. ಕದ್ದ ಪ್ರತಿಯ ವಿಷಯದಲ್ಲಿ ಕೇಳುವುದಾದರೂ ಯಾರನ್ನು? ಪೆನ್‌ಡ್ರೈವ್ ಕೊಟ್ಟ ಗೆಳೆಯ ಇನ್ನೊಬ್ಬನ ಕಡೆಗೆ ಬೆರಳು ತೋರಿಸುತ್ತಾನೆ, ಅವನು ಮತ್ತೊಬ್ಬನ ಕಡೆಗೆ. ಎಚ್ಚರಿಕೆಯನ್ನು ಕಿವಿಗೆ ಹಾಕಿಕೊಳ್ಳಬಾರದೆಂದು ತಾನೇ ನಿಶ್ಚಯಿಸಿಕೊಂಡವನಿಗೆ ಯಾವ ಎಚ್ಚರಿಕೆಯೂ ಉಪಕಾರ ಮಾಡದು. ಕೇಡು ಹಂಚುವವರಿಗೆ ಬೇಕಾಗಿರುವುದು ಇದೇ ಮನಃಸ್ಥಿತಿ.

ಇದಕ್ಕೆ ಲೋಕಪ್ರಸಿದ್ಧ ನಿದರ್ಶನವಿದೆ. ಚೆಕ್ ದೇಶದ ಅವಾಸ್ಟ್ ಸಂಸ್ಥೆಯ ಸಂಶೋಧಕರು 2021ರ ಜೂನ್ ತಿಂಗಳಲ್ಲಿ ಒಂದು ದುಷ್ಟ ತಂತ್ರಾಂಶದ ವಿವರ ಪ್ರಕಟಿಸಿದರು. ಅದಕ್ಕೆ ಅವರಿಟ್ಟ ಹೆಸರು ಕ್ರ್ಯಾಕೋನೋಶ್. ಅದು ಹರಡುತ್ತಿದ್ದುದು ಗ್ರ್ಯಾಂಡ್ ಥೆಫ್ಟ್ ಆಟೋ, ಫಾರ್ ಕ್ರೈ, ಎನ್‌ಬಿಎ ಮುಂತಾದ ಜನಪ್ರಿಯ ಆಟಗಳ ಬೀಗ ಒಡೆದ ಪ್ರತಿಗಳ ಒಳಗೆ. 2018ರಿಂದ ಆ ಹೊತ್ತಿಗೆ 2 ಲಕ್ಷ 22 ಸಾವಿರಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಅದು ಹೊಕ್ಕಿತ್ತು. ಅವುಗಳಲ್ಲಿ 13 ಸಾವಿರಕ್ಕಿಂತ ಹೆಚ್ಚು ಭಾರತದವು. ಕೆಲಸದ ರೀತಿ ಹೀಗೆ: ಕಂಪ್ಯೂಟರನ್ನು 'ಸೇಫ್ ಮೋಡ್' ಎಂಬ ಸ್ಥಿತಿಯಲ್ಲಿ ಮರುಚಾಲನೆ ಮಾಡಿಸುವುದು. ದುರಸ್ತಿಗಾಗಿ ಇರುವ ಆ ಸ್ಥಿತಿಯಲ್ಲಿ ಕಾವಲು ತಂತ್ರಾಂಶಗಳು ಕೆಲಸ ಮಾಡುವುದಿಲ್ಲ. ಆ ಹೊತ್ತಿನಲ್ಲಿ ಅವುಗಳನ್ನು ಅಳಿಸಿಹಾಕಿ, ವಿಂಡೋಸಿನ ಅಪ್‌ಡೇಟುಗಳನ್ನೂ ನಿಲ್ಲಿಸಿ, ಬಳಿಕ ಆಟದ ಕಂಪ್ಯೂಟರಿನ ಬಲವನ್ನೆಲ್ಲ ಮೊನೆರೋ ಎಂಬ ಡಿಜಿಟಲ್ ನಾಣ್ಯವನ್ನು ಗಳಿಸಲು ಹೂಡುವುದು. ಹೀಗೆ ಗಳಿಸಿದ್ದು 20 ಲಕ್ಷ ಡಾಲರಿಗೂ ಮಿಕ್ಕ ಮೊತ್ತ. ವಿದ್ಯುತ್ತಿನ ಬಿಲ್ಲು ಮಾತ್ರ ಆಟವಾಡಿದವರದು. ಇದಕ್ಕಿಂತಲೂ ಗಮನಿಸತಕ್ಕ ಅಂಶ ಒಂದಿದೆ. ಅಳಿಸಿಹಾಕಿದ ಕಾವಲಿನ ಜಾಗದಲ್ಲಿ ಅದು ವಿಂಡೋಸಿನ ಭದ್ರತಾ ಚಿಹ್ನೆಯನ್ನೇ ಹೋಲುವ ಹುಸಿ ಚಿಹ್ನೆಯನ್ನು ಕೂರಿಸುತ್ತಿತ್ತು. ಎಲ್ಲವೂ ಸುರಕ್ಷಿತ ಎನ್ನುವ ಹಸಿರು ಗುರುತು ಪರದೆಯ ಮೂಲೆಯಲ್ಲಿ ಎಂದಿನಂತೆ ಕಾಣುತ್ತಿತ್ತು.

ಕ್ರ್ಯಾಕೋನೋಶ್ ಕದ್ದದ್ದು ವಿದ್ಯುತ್ತನ್ನು. ಪಾಸ್‌ವರ್ಡನ್ನೇ ಕದಿಯುವ ಜಾತಿ ಬೇರೆಯೇ ಇದೆ. ರೆಡ್‌ಲೈನ್ ಎಂಬುದು 2020ರಲ್ಲಿ ಮೊದಲು ಕಂಡುಬಂದದ್ದು. ಬೀಗ ಒಡೆದ ಆಟಗಳ ಜೊತೆಗೂ ಆಟದಲ್ಲಿ ಮೋಸದಿಂದ ಗೆಲ್ಲಿಸುವ ಸಾಧನಗಳ ಜೊತೆಗೂ ಬಂದು, ಬ್ರೌಸರಿನಲ್ಲಿ ಉಳಿಸಿಟ್ಟ ಗುಪ್ತಪದಗಳನ್ನು ಒಟ್ಟುಗೂಡಿಸಿ ಕಳಿಸುತ್ತಿತ್ತು. 2024ರ ಅಕ್ಟೋಬರಿನಲ್ಲಿ ನೆದರ್ಲೆಂಡ್ಸ್ ಪೊಲೀಸರು ಅನ್ಯದೇಶಗಳ ನೆರವಿನಿಂದ ಅದರ ಜಾಲವನ್ನು ಒಡೆದರು. ಅಂಥ ಕೆಲಸಕ್ಕೆ ಐದು ನಿಮಿಷ ಧಾರಾಳವಾಗಿ ಸಾಕು.

ತೆಲಸಂಗದ ಯಜಮಾನರಿಗೆ ಈ ಚರಿತ್ರೆಯೇನೂ ಗೊತ್ತಿರಲಿಲ್ಲ. ಕಾವಲುಗಾರನನ್ನು ಹೊರಗೆ ಕಳಿಸುವ ಮಾತು ಮಾತ್ರ ಅವರ ಮನಸ್ಸಿಗೆ ಹಿಡಿಸಲಿಲ್ಲ. ಆಟವನ್ನು ಸದ್ಯಕ್ಕೆ ತಡೆದು, ಪುಣೆಯಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವ ತಮ್ಮನು ದಶಲಕ್ಷಣ ಪರ್ವಕ್ಕೆ ಬಂದಾಗ ಯಂತ್ರವನ್ನು ತೋರಿಸಿದರು. ಹುಡುಗನ ಕಾಕಾ ನೋಡಿ ಹೇಳಿದ್ದು ಮನೆಯವರೆಲ್ಲರನ್ನೂ ಸುಮ್ಮನಾಗಿಸಿತು. ಪರವಾನಿಗೆಯಿಲ್ಲದ ವಿಂಡೋಸನ್ನು ನಡೆಸಲು ಬಳಸಿದ್ದ ಸಾಧನವು ಆ್ಯಂಟಿವೈರಸ್ಸಿಗೆ ಒಂದು ವಿನಾಯಿತಿ ಬರೆದಿಟ್ಟಿತ್ತು: ಸಿ ಡ್ರೈವ್ ಪೂರ್ತಿಯಾಗಿ ಪರೀಕ್ಷೆಯಿಂದ ಹೊರಗೆ. ಕಾವಲುಗಾರ ಬಾಗಿಲಲ್ಲಿಯೇ ಕುಳಿತಿದ್ದನು. ಮನೆಯೊಳಗೆ ನೋಡಕೂಡದೆಂದು ಅವನಿಗೆ ಅಪ್ಪಣೆಯಾಗಿತ್ತು. ಮಗನು ಕೇಳಿದ್ದು ಐದು ನಿಮಿಷ. ಯಂತ್ರ ಮನೆಗೆ ಬಂದ ದಿನದಿಂದಲೂ, ಬಸದಿಯ ಲೆಕ್ಕ ಅದರಲ್ಲಿದ್ದ ಎಲ್ಲ ತಿಂಗಳುಗಳಲ್ಲೂ ಸ್ಥಿತಿ ಅದೇ ಆಗಿತ್ತು. ಏನಾದರೂ ಸೋರಿಹೋಯಿತೇ? ಹೋಗಿದ್ದರೆ ಗುರುತು ಉಳಿಯಲೇಬೇಕೆಂಬ ನಿಯಮವಿಲ್ಲ. ಬ್ಯಾಂಕಿನ ಲೆಕ್ಕದಲ್ಲಿ ಒಂದು ರೂಪಾಯಿಯೂ ವ್ಯತ್ಯಾಸವಿರಲಿಲ್ಲ.

ಈ ಸಂದರ್ಭದಲ್ಲಿ ಅಚೌರ್ಯದ ಲಕ್ಷಣವನ್ನು ಸೂಕ್ಷ್ಮವಾಗಿ ನೋಡುವುದು ಅಗತ್ಯ. ತಂತ್ರಾಂಶದ ಪ್ರತಿ ಮಾಡಿಕೊಂಡರೆ ಮೂಲವೇನೂ ಕಡಿಮೆಯಾಗುವುದಿಲ್ಲ, ಕಳೆದುಕೊಂಡವನೇ ಇಲ್ಲದಿದ್ದಾಗ ಕಳವು ಹೇಗಾಯಿತು ಎಂಬುದು ಇಂದಿನ ತರುಣರ ವಾದ. ಮೇಲ್ನೋಟಕ್ಕೆ ಬಲವಾದ ವಾದವೇ ಹೌದು. ಆದರೆ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಚೌರ್ಯದ ಲಕ್ಷಣ ನಿಂತಿರುವುದು ಅದತ್ತಾದಾನದ ಮೇಲೆ, ಅಂದರೆ ಕೊಡದಿದ್ದುದನ್ನು ತೆಗೆದುಕೊಳ್ಳುವುದರ ಮೇಲೆ. ಕಳೆದುಕೊಂಡವನ ನಷ್ಟ ಎಷ್ಟು ಎಂಬ ಲೆಕ್ಕ ಅಲ್ಲಿ ಪ್ರಧಾನವಲ್ಲ. ತೆಗೆದುಕೊಂಡವನ ಕೈಯನ್ನು ಮಾತ್ರ ಅದು ನೋಡುತ್ತದೆ: ಇದು ನಿನಗೆ ಕೊಡಲ್ಪಟ್ಟಿತ್ತೇ? ಪ್ರತಿ ಮಾಡುವುದರಿಂದ ಮೂಲ ಸವೆಯುವುದಿಲ್ಲ ಎಂಬ ವಾದ ಈ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ವ್ರತದ ಐದು ಅತಿಚಾರಗಳಲ್ಲಿ ತದಾಹೃತಾದಾನವೂ ಒಂದು. ಇನ್ನೊಬ್ಬನು ಕದ್ದು ತಂದುದನ್ನು ಸ್ವೀಕರಿಸುವುದು. ಪ್ರತಿರೂಪಕ ವ್ಯವಹಾರ ಮತ್ತೊಂದು; ಅಸಲಿನಂತೆ ಕಾಣುವ ನಕಲಿಯನ್ನು ನಡೆಸುವುದು. ಬೀಗವನ್ನು ತಾನು ಒಡೆಯಲಿಲ್ಲ, ಯಾರೋ ಒಡೆದದ್ದು ಬಂತು ಎನ್ನುವ ಸಮಾಧಾನಕ್ಕೆ ಶ್ರಾವಕಾಚಾರದಲ್ಲಿ ಎಡೆಯಿಲ್ಲ.

ಕಾಕಾನ ಎದುರು ಹುಡುಗನು ಮತ್ತೊಂದು ವಾದವನ್ನೂ ಹೂಡಿದನು: ಇಂಟರ್‌ನೆಟ್ ಊರ ಬಾವಿಯಿದ್ದಂತೆ, ಸೇದಿಕೊಂಡವರದು ನೀರು. ಈ ಉಪಮೆಗೂ ಶಾಸ್ತ್ರದಲ್ಲಿ ಉತ್ತರವಿರುವುದು ಸೋಜಿಗ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಬಾವಿಯ ನೀರು ಮುಂತಾದವನ್ನು ಕೇಳದೆ ತೆಗೆದುಕೊಳ್ಳುವುದನ್ನು ಬಿಡಲಾರದ ಗೃಹಸ್ಥರಿಗೆ ಅಷ್ಟು ಸಡಿಲು ಕೊಟ್ಟು, ಉಳಿದ ಎಲ್ಲ ಅದತ್ತವನ್ನೂ ತ್ಯಜಿಸಬೇಕೆಂದು ವಿಧಿಸಿದ್ದಾರೆ. ಕಂಪ್ಯೂಟರಿನ ಲೋಕದಲ್ಲಿಯೂ ಊರ ಬಾವಿಗಳಿವೆ. ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶವನ್ನು ಅದರ ಕರ್ತೃಗಳೇ ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದಾರೆ. ಆಟಗಳಲ್ಲಿಯೂ ಕೌಂಟರ್ ಸ್ಟ್ರೈಕ್, ವ್ಯಾಲರಂಟ್ ಮೊದಲಾದವನ್ನು ಹಣವಿಲ್ಲದೆ ಆಡಬಹುದು. ಎಪಿಕ್ ಎಂಬ ಆಟದ ಮಳಿಗೆಯು 2020ರ ಮೇ ತಿಂಗಳಲ್ಲಿ ಒಂದು ವಾರ ಗ್ರ್ಯಾಂಡ್ ಥೆಫ್ಟ್ ಆಟೋದ ಐದನೆಯ ಭಾಗವನ್ನೇ ಉಚಿತವಾಗಿ ಕೊಟ್ಟಿತ್ತು. ಆಗ ಪಡೆದವನದು ದತ್ತ, ಕ್ರ್ಯಾಕ್ ಮಾಡಿ ಪಡೆದವನದು ಅದತ್ತ. ಆಟ ಒಂದೇ.

ರಾಜ್ಯದ ಕಾನೂನು ಏನೆನ್ನುತ್ತದೆ ಎಂದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ, ಕಳ್ಳಪ್ರತಿಯೆಂದು ತಿಳಿದೂ ಕಂಪ್ಯೂಟರಿನಲ್ಲಿ ತಂತ್ರಾಂಶವನ್ನು ಬಳಸುವುದೇ ಅಪರಾಧ. 7 ದಿನಗಳಿಂದ 3 ವರ್ಷಗಳವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕಲ್ಲದಿದ್ದರೆ ಸೆರೆಯನ್ನು ಬಿಡುವ ಅಧಿಕಾರ ನ್ಯಾಯಾಲಯಕ್ಕುಂಟು.

ಕಳ್ಳಪ್ರತಿಗೂ ವೈರಸ್ಸಿಗೂ ಇರುವ ನಂಟು ಇಂದಿನದಲ್ಲ. ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ಸೆಂದು ಹೇಳಲಾಗುವ 'ಬ್ರೇನ್' 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದದ್ದು; ತಮ್ಮ ತಂತ್ರಾಂಶವನ್ನು ಕದ್ದು ಪ್ರತಿ ಮಾಡುವವರನ್ನು ಗುರುತಿಸುವುದೇ ಉದ್ದೇಶವಾಗಿತ್ತೆಂದು ಅವರ ಹೇಳಿಕೆ. ತಮ್ಮ ವಿಳಾಸ, ದೂರವಾಣಿ ಸಂಖ್ಯೆಗಳನ್ನೂ ಅದರಲ್ಲಿ ಬರೆದಿಟ್ಟಿದ್ದರು! ಇತ್ತ ಪುಣೆಯಲ್ಲಿ ಕ್ಯಾಲ್ಕ್ಯುಲೇಟರ್ ದುರಸ್ತಿಯಿಂದ ಜೀವನ ಆರಂಭಿಸಿದ ಕೈಲಾಶ ಕಾಟಕರ ಹಾಗೂ ಅವರ ತಮ್ಮ ಸಂಜಯ, ದುರಸ್ತಿಗೆ ಬರುವ ಕಂಪ್ಯೂಟರುಗಳಲ್ಲಿ ವೈರಸ್ಸಿನ ಹಾವಳಿ ಕಂಡು 1990ರ ದಶಕದಲ್ಲಿ ಕ್ವಿಕ್ ಹೀಲ್ ತಂತ್ರಾಂಶವನ್ನು ರೂಪಿಸಿದರು. ಅಂಥ ತಂತ್ರಾಂಶವನ್ನು ಹಣ ಕೊಟ್ಟು ಕೊಳ್ಳಲೇಬೇಕೇ ಎಂದು ಕೇಳುವವರುಂಟು. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ವಿಂಡೋಸಿನೊಳಗೆ ಡಿಫೆಂಡರ್ ಎಂಬ ಕಾವಲು ಸೇರಿಯೇ ಬರುತ್ತದೆ. ಅಸಲಿ ವಿಂಡೋಸ್, ಚಾಲೂ ಇರುವ ಡಿಫೆಂಡರ್, ತಪ್ಪದ ಅಪ್‌ಡೇಟ್, ಇಷ್ಟಿದ್ದರೆ ಸಾಮಾನ್ಯ ಮನೆಗೆ ಅದು ಸಾಕು. ಕೊಳ್ಳುವುದಾದರೆ ಒಂದನ್ನು ಕೊಳ್ಳಬೇಕು. ಎರಡು ಕಾವಲು ತಂತ್ರಾಂಶಗಳು ಒಂದೇ ಯಂತ್ರದಲ್ಲಿ ಪರಸ್ಪರ ಕಚ್ಚಾಡಿ, ಆಟವನ್ನೂ ಲೆಕ್ಕವನ್ನೂ ನಿಧಾನಗೊಳಿಸುತ್ತವೆ.

ಯಂತ್ರವನ್ನು ಸರಿಪಡಿಸುವ ಕೆಲಸ ಪರ್ವದ ಎರಡು ಮಧ್ಯಾಹ್ನಗಳನ್ನು ತೆಗೆದುಕೊಂಡಿತು. ಕಾಕಾ ಮೊದಲು ಇಂಟರ್‌ನೆಟ್ಟಿನ ತಂತಿಯನ್ನು ಬಿಚ್ಚಿದರು. ಆಸ್ರವವನ್ನು ತಡೆಯದೆ ನಿರ್ಜರೆಗೆ ಕೈಹಾಕಿದರೆ ಫಲವೇನು ಎಂದು ಯಜಮಾನರು ನಕ್ಕರಂತೆ. ಎಲ್ಲ ಪಾಸ್‌ವರ್ಡುಗಳನ್ನು, ಬ್ಯಾಂಕಿನದನ್ನು ಮೊದಲ್ಗೊಂಡು, ಸಂಶಯವಿದ್ದ ಯಂತ್ರದಿಂದಲ್ಲದೆ ಬೇರೆ ಮೊಬೈಲಿನಿಂದ ಬದಲಿಸಲಾಯಿತು. ಹಿಂದೆ ತೆರೆದಿದ್ದ ಲಾಗಿನ್‌ಗಳನ್ನೆಲ್ಲ ಮುಚ್ಚಲಾಯಿತು. ಲೆಕ್ಕದ ಕಡತಗಳು ಮತ್ತು ಫೋಟೋಗಳನ್ನು ಮಾತ್ರ ಹೊರಗಿನ ಡಿಸ್ಕಿಗೆ ಇಳಿಸಿ ಪರೀಕ್ಷಿಸಿ, ಉಳಿದುದನ್ನೆಲ್ಲ ಅಳಿಸಿ, ಕೊಂಡ ಪರವಾನಿಗೆಯೊಡನೆ ವಿಂಡೋಸ್ 11ನ್ನು ಹೊಸದಾಗಿ ಸ್ಥಾಪಿಸಿದರು. ವಿಂಡೋಸ್ 10ಕ್ಕೆ ಎಂದಿನ ಉಚಿತ ಭದ್ರತಾ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ಹಳೆಯದಕ್ಕೆ ಹಣ ಹಾಕುವ ಪ್ರಶ್ನೆಯಿರಲಿಲ್ಲ. ಪರವಾನಿಗೆಗೆ ಸಾವಿರಾರು ರೂಪಾಯಿ ಬೇಕಾಯಿತು. ಕಣ್ಣಿಗೆ ಕಾಣದ ವಸ್ತುವಿಗೆ ಇಷ್ಟು ಹಣವೇ ಎಂದು ಮನೆಯೊಡತಿ ಬೇಸರಪಟ್ಟದ್ದು ಸಹಜ. ಆಫೀಸಿನ ಜಾಗಕ್ಕೆ ಲಿಬ್ರೆಆಫೀಸ್ ಬಂದು ಅಷ್ಟರ ಮಟ್ಟಿಗೆ ಖರ್ಚು ಉಳಿಯಿತು.

ಬಳಿಕ ಖಾತೆಗಳ ವಿಂಗಡಣೆ. ಯಂತ್ರದ ಅಧಿಕಾರವೆಲ್ಲ ಯಜಮಾನರ ಹೆಸರಿನ ಒಂದು ಖಾತೆಗೆ. ಮಗನಿಗೂ ಮಗಳಿಗೂ ಸಾಮಾನ್ಯ ಖಾತೆ. ಹೊಸ ತಂತ್ರಾಂಶ ಯಂತ್ರವನ್ನು ಬದಲಿಸಹೊರಟಾಗ ತಂದೆಯ ಪಾಸ್‌ವರ್ಡ್ ಬೇಕಾಗುತ್ತದೆ. ಹುಡುಗನಿಗೆ ಇದು ಅವಮಾನವೆನಿಸಿತು. ಅಧಿಕಾರದ ಖಾತೆಯಲ್ಲಿ ತಾನೂ ದಿನನಿತ್ಯದ ಕೆಲಸ ಮಾಡುವುದಿಲ್ಲವೆಂದು ಕಾಕಾ ತಿಳಿಹೇಳಿದ ಮೇಲೆ ಸಮಾಧಾನವಾಯಿತು. ಡಿಫೆಂಡರಿನ ಸತತ ಪರೀಕ್ಷೆ, ಅದನ್ನು ಅನ್ಯ ತಂತ್ರಾಂಶಗಳು ನಿಲ್ಲಿಸದಂತೆ ತಡೆಯುವ 'ಟ್ಯಾಂಪರ್ ಪ್ರೊಟೆಕ್ಷನ್', ಅಪರಿಚಿತ ಕಡತಗಳನ್ನು ತಡೆದು ಕೇಳುವ 'ಸ್ಮಾರ್ಟ್‌ಸ್ಕ್ರೀನ್' ಇವೆಲ್ಲ ಚಾಲೂ ಆದವು. ವಿನಾಯಿತಿಗಳ ಪಟ್ಟಿ ಖಾಲಿಯಿರಬೇಕು. ತಿಂಗಳಿಗೊಮ್ಮೆ ಅದನ್ನು ತೆರೆದು ನೋಡುವ ಹೊಣೆ ಮಗಳದು. 'ಮೆಮೊರಿ ಇಂಟಿಗ್ರಿಟಿ' ಎಂಬ ಇನ್ನೊಂದು ರಕ್ಷಣೆಯನ್ನು ಆಟದ ವೇಗಕ್ಕಾಗಿ ಹಲವರು ನಿಲ್ಲಿಸುತ್ತಾರೆ. ವೇಗ ಸ್ವಲ್ಪ ತಗ್ಗುವುದು ನಿಜ. ಬಸದಿಯ ಲೆಕ್ಕ ಕಂಡ ಯಂತ್ರದಲ್ಲಿ ಅಷ್ಟು ವೇಗಕ್ಕಾಗಿ ಆಸೆಪಡುವುದು ತರವಲ್ಲ. ಹುಡುಗನ ಆಟದ ಖಾತೆಗಳಿಗೆ ಎರಡು ಹಂತದ ಪರಿಶೀಲನೆ ಬಂತು. ತಮ್ಮ ತಂಡಕ್ಕೆ ಮತ ಹಾಕೆಂದು ಗೆಳೆಯನ ಹೆಸರಿನಲ್ಲಿ ಬರುವ ಕೊಂಡಿಗಳು ಖಾತೆ ಕದಿಯುವ ಬಲೆಗಳೆಂಬುದನ್ನು ಅವನು ಆಗಲೇ ಬಲ್ಲವನಾಗಿದ್ದನು.

ಅಪ್‌ಡೇಟ್ ಮಾಡುವುದರ ಅಗತ್ಯವನ್ನು ಮನೆಯಲ್ಲಿ ಎಲ್ಲರಿಗಿಂತ ಮೊದಲು ಗ್ರಹಿಸಿದವರು ಅಜ್ಜಿ. "ಮುಂಜಾನೆ ಸೋಸಿದ ನೀರು ಸಂಜೀತನಾ ನಡ್ಯಾಂಗಿಲ್ಲ. ಇದೂ ಹಂಗ ಅಲ್ಲೇನು?" ಎಂದರು. ದಟ್ಟ ಅರಿವೆಯನ್ನು ಇಮ್ಮಡಿ ಮಡಚಿ ಸೋಸಿದರೂ ಆ ನೀರಿನ ಅವಧಿ ಒಂದು ಮುಹೂರ್ತ, ಎಂದರೆ 48 ನಿಮಿಷ; ಮೇಲೆ ಪುನಃ ಸೋಸಬೇಕು. ವಾನಾಕ್ರೈ ಎಂಬ ಪಿಡುಗು 2017ರ ಮೇ 12ರಂದು ಎರಗಿ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಬೀಗ ಹಾಕಿದಾಗ, ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಅದೇ ಮಾರ್ಚಿನಲ್ಲಿಯೇ ಬಂದಿತ್ತು. ಎರಡು ತಿಂಗಳು ಸೋಸದೆ ಕುಡಿದವರು ಸಿಕ್ಕಿಬಿದ್ದರು. ಬೀಗ ಹಾಕುವ ಇಂಥ ಪಿಡುಗು ಆ ಹೊತ್ತಿನಲ್ಲಿ ಜೋಡಿಸಿರುವ ಡಿಸ್ಕನ್ನೂ ಬಿಡುವುದಿಲ್ಲವಾದ್ದರಿಂದ, ಪ್ರತಿಗಳನ್ನು ಇಡುವ ಡಿಸ್ಕನ್ನು ವಾರಕ್ಕೊಮ್ಮೆ ಮಾತ್ರ ಜೋಡಿಸಿ, ಕೆಲಸ ಮುಗಿದೊಡನೆ ಬಿಚ್ಚಿ ಕಪಾಟಿನಲ್ಲಿಡುವ ಪದ್ಧತಿಯಾಯಿತು. ಅಜ್ಜಿಗೆ ಇನ್ನೊಂದು ಸಂಶಯವಿತ್ತು. ಸೋಸಿದ ಅರಿವೆಯಲ್ಲಿ ಉಳಿದ ಜೀವಗಳನ್ನು ಬಂದ ನೀರಿಗೇ ಜತನದಿಂದ ಬಿಡುವುದು ಆಚಾರ. ಈ ವೈರಸ್ಸನ್ನು ಅಳಿಸಿದರೆ ಹಿಂಸೆಯಾಗದೆ? ಅದು ಮನುಷ್ಯರು ಬರೆದ ಬರಹವೆಂದೂ ಜೀವವಲ್ಲವೆಂದೂ ಕಾಕಾ ವಿವರಿಸಬೇಕಾಯಿತು.

ಸಪ್ತವ್ಯಸನಗಳಲ್ಲಿ ಕಳವಿನ ಜೊತೆಗೆ ಜೂಜು ಮತ್ತು ಬೇಟೆಯೂ ಆಟದ ಕಂಪ್ಯೂಟರಿನ ಬಾಗಿಲಿಗೆ ಬಂದು ನಿಲ್ಲುವುದನ್ನು ಮರೆಯಲಾಗದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಶ್ರಾವಕರಿಗೆ ಅದು ಹೊಸ ನಿಯಮವಲ್ಲ. ಬೇಟೆಯ ವಿಷಯ ಇಷ್ಟು ಸುಲಭವಲ್ಲ. ವಿಂಡೋಸಿನಲ್ಲಿ ಮಕ್ಕಳ ವಯಸ್ಸಿಗೆ ತಕ್ಕಂತೆ ಆಟಗಳನ್ನು ತಡೆಯುವ ಏರ್ಪಾಡಿದೆ. ಅದು ವಯಸ್ಸನ್ನು ಅಳೆಯಬಲ್ಲದು, ಭಾವವನ್ನಲ್ಲ. ಪರದೆಯ ಮೇಲೆ ಗುಂಡು ಹೊಡೆದರೆ ಸತ್ತದ್ದು ಚಿತ್ರ ತಾನೆ ಎಂದು ಹುಡುಗ ಹೇಳಿದಾಗ, ತಂದೆ ಜನ್ನನ ಯಶೋಧರ ಚರಿತೆಯ ಕಥೆಯನ್ನು ನೆನಪಿಸಿದರು. 1209ರ ಆ ಕಾವ್ಯದಲ್ಲಿ ಯಶೋಧರನೂ ಅವನ ತಾಯಿಯೂ ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು; ಸಂಕಲ್ಪದ ಫಲವಾಗಿ ಜನ್ಮಜನ್ಮಾಂತರ ತೊಳಲಿದರು. ಆಟದ ಗುಂಡೂ ಹಿಟ್ಟಿನ ಕೋಳಿಯ ಮೇಲೆ ಬಿದ್ದ ಕತ್ತಿಯೂ ಒಂದೇ ಎಂದು ಹೇಳುವುದು ಅತಿಯಾದೀತು. ಆದರೆ ನಿಜವಾದ ಜೀವಿ ಅಲ್ಲಿರಲಿಲ್ಲ ಎಂಬ ಒಂದೇ ನೆಪವನ್ನು ಆ ಕಾವ್ಯ ಒಪ್ಪುವುದಿಲ್ಲ. ಈ ಚರ್ಚೆ ಆ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಅಷ್ಟಮಿ, ಚತುರ್ದಶಿಗಳಂದು ಆಟವಿಲ್ಲವೆಂಬ ನಿಯಮವನ್ನು ಹುಡುಗ ತಾನಾಗಿ ಒಪ್ಪಿಕೊಂಡಿದ್ದಾನೆ.

ಇನ್ನುಳಿದದ್ದು ಟ್ರಸ್ಟಿನ ಮಾತು. ಯಂತ್ರ ಶುದ್ಧವಾಯಿತು, ಹಣ ಹೋಗಿಲ್ಲ, ಯಾರಿಗೂ ಏನೂ ತಿಳಿದಿಲ್ಲ. ಕೋಶಾಧ್ಯಕ್ಷರು ಸುಮ್ಮನಿದ್ದರೆ ಕೇಳುವವರಿರಲಿಲ್ಲ. ಅವರು ಮುಂದಿನ ಸಭೆಯಲ್ಲಿ ನಡೆದುದನ್ನೆಲ್ಲ ಹೇಳಿದರು. ಹಿರಿಯ ಸದಸ್ಯರೊಬ್ಬರು, ಹಾನಿಯಾಗದಿರುವಾಗ ಸಭೆಯ ಹೊರಗೆ ಈ ಮಾತು ಬೇಡವೆಂದರು. ದಾನಿಗಳ ಮನಸ್ಸು ಹಿಂಜರಿದೀತು, ಮುಂದಿನ ಕಾರ್ಯಗಳಿಗೆ ತೊಡಕಾದೀತು. ಟ್ರಸ್ಟಿನ ಹಿತವನ್ನೇ ಬಯಸಿ ಆಡಿದ ಮಾತದು, ಹಗುರವಾಗಿ ತಳ್ಳುವಂಥದಲ್ಲ. ಕೋಶಾಧ್ಯಕ್ಷರು ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದಾದ ನ್ಯಾಸಾಪಹಾರವನ್ನು ಎತ್ತಿಕೊಂಡರು. ಒತ್ತೆಯಿಟ್ಟವನು ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಅಷ್ಟೇ ಇತ್ತೆಂದು ಒಪ್ಪಿ ಕೊಟ್ಟುಬಿಡುವುದು ಆ ದೋಷ. ದಾನಿಯು ತನ್ನ ಮೊಬೈಲ್ ಸಂಖ್ಯೆಯನ್ನೂ ಪ್ಯಾನ್ ಸಂಖ್ಯೆಯನ್ನೂ ರಸೀದಿಗೆಂದು ಒಪ್ಪಿಸಿದ್ದಾನೆ. ಅದಕ್ಕೆ ಕಾವಲಿರಲಿಲ್ಲವೆಂಬುದು ಅವನಿಗೆ ಗೊತ್ತಿಲ್ಲ. ಅವನ ಮರೆವಿನ ಲಾಭ ಪಡೆಯುವುದು ದೋಷವಾದರೆ ಅವನ ಅರಿಯಮಿಯ ಲಾಭ ಪಡೆಯುವುದು ಅದರಿಂದ ಎಷ್ಟು ದೂರ? ಮಾಹಿತಿ ಸೋರಿದಾಗ ಸಂಬಂಧಪಟ್ಟವರಿಗೆ ತಿಳಿಸುವ ಹೊಣೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳೊಡನೆ ಅದು ಹಂತಹಂತವಾಗಿ ಜಾರಿಗೆ ಬರುವಂಥದು. ಸೋರಿದ್ದು ಖಚಿತವಿಲ್ಲದ ಈ ಪ್ರಕರಣಕ್ಕೆ ಕಾನೂನು ಅನ್ವಯಿಸುತ್ತದೆಯೋ ಇಲ್ಲವೋ ಎಂಬುದರ ಮೇಲೆ ಸಭೆ ನಿಲ್ಲಲಿಲ್ಲ.

ಚತುರ್ದಶಿಯ ಪೂಜೆಯ ಬಳಿಕ ಬಸದಿಯಲ್ಲಿ ಒಂದು ಪ್ರಕಟಣೆಯನ್ನು ಓದಲಾಯಿತು. ದಾನಿಗಳ ಪಟ್ಟಿ ಕೆಲವು ತಿಂಗಳು ಸರಿಯಾದ ರಕ್ಷಣೆಯಿಲ್ಲದ ಕಂಪ್ಯೂಟರಿನಲ್ಲಿತ್ತು. ಬಸದಿಯ ಹೆಸರು ಹೇಳಿ ಯಾರಾದರೂ ಕರೆ ಮಾಡಿ ಓಟಿಪಿ ಅಥವಾ ಹಣ ಕೇಳಿದರೆ ಕೊಡಬಾರದು. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮೊದಲ ಗಂಟೆಗಳಲ್ಲಿ ತಿಳಿಸಿದರೆ ಹಣ ದಾಟಿಹೋಗುವ ಮುನ್ನ ತಡೆಯುವ ಸಂಭವ ಹೆಚ್ಚೆಂಬುದನ್ನೂ ಸೇರಿಸಿ ಓದಲಾಯಿತು. ಇಬ್ಬರು ದಾನಿಗಳು ಸಿಟ್ಟಾದರು. ಅವರಲ್ಲೊಬ್ಬರು ತಮ್ಮ ಸಂಖ್ಯೆಯನ್ನು ಪಟ್ಟಿಯಿಂದ ಅಳಿಸಲು ಹೇಳಿದರು, ಅಳಿಸಲಾಯಿತು. ಟ್ರಸ್ಟು ತನ್ನದೇ ಒಂದು ಸಣ್ಣ ಲ್ಯಾಪ್‌ಟಾಪ್ ಕೊಂಡಿದೆ. ಅದರಲ್ಲಿ ಆಟವಿಲ್ಲ, ಅನ್ಯರ ಪೆನ್‌ಡ್ರೈವಿಗೆ ಪ್ರವೇಶವಿಲ್ಲ. ಬ್ಯಾಂಕಿನಲ್ಲಿ ಒಬ್ಬರು ಬರೆದ ಪಾವತಿಯನ್ನು ಇನ್ನೊಬ್ಬರು ಒಪ್ಪಿದ ಮೇಲೆಯೇ ಹಣ ಹೊರಡುವಂತೆ ಖಾತೆಯನ್ನು ಬದಲಿಸಿಕೊಳ್ಳಲಾಗಿದೆ. ಪ್ಯಾನ್ ಸಂಖ್ಯೆಗಳು ಬೇಕಾಗುವುದು ವರ್ಷಕ್ಕೊಮ್ಮೆ, ತೆರಿಗೆಯ ವಿವರ ಸಲ್ಲಿಸುವಾಗ ಮಾತ್ರ. ಉಳಿದ ದಿನಗಳಲ್ಲಿ ಅವು ಹಳೆಯ ಪದ್ಧತಿಯಂತೆ ಕಾಗದದ ರಜಿಸ್ಟರಿನಲ್ಲಿ, ಬಸದಿಯ ತಿಜೋರಿಯೊಳಗೆ ಇರುತ್ತವೆ.